ರೇಷ್ಮೆ ಗೂಡಿನ ಚೀಲ ಕಟ್ಟಿದ ಎಕ್ಸೆಲ್ ಗಾಡಿಯನ್ನು ದಾಟುವುದು ಹೇಗೆ

ನಮ್ಮೂರು ನಂದಿ ಬೆಟ್ಟದ ಬುಡದಲ್ಲಿದೆ. ಒಂದೂವರೆ ಎಕರೆ ಹಿಪ್ಪುನೇರಳೆ, ಒಂದು ರೇಷ್ಮೆ ಹುಳು ಮನೆ, ಒಂದು ಟಿವಿಎಸ್ ಎಕ್ಸೆಲ್. ಇಷ್ಟು ನನ್ನ ಆಸ್ತಿ. ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆಯಿಂದ ಗೂಡು ಬಿಡಿಸಿದ ದಿನ ಎರಡು ಬಲೆ ಚೀಲಕ್ಕೆ ನಲವತ್ತು ಕೆಜಿ ತುಂಬುತ್ತೇನೆ. ಅವನ್ನು ಹಿಂದೆ ಕಟ್ಟಿಕೊಂಡು ಚಿಕ್ಕಬಳ್ಳಾಪುರದ ಮೇಲೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತೇನೆ. ನಲವತ್ತು ಕೆಜಿ ದೊಡ್ಡ ಭಾರವೇನಲ್ಲ, ಒಬ್ಬ ಹುಡುಗ ಕೂತಷ್ಟು. ಆದರೆ ಅದರ ಗಾತ್ರ ನೋಡಬೇಕು. ಹಿಂದಿನಿಂದ ನೋಡಿದರೆ ಗಾಡಿಯೂ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ. ಎರಡು ಚೀಲಗಳು ತಮ್ಮ ಪಾಡಿಗೆ ತಾವು ಊರಿಗೆ ಹೊರಟಂತೆ ಇರುತ್ತದೆ.

ಆ ಚೀಲಗಳನ್ನು ದಾಟಿಕೊಂಡು ಹೋಗುವವರಿಗೆ ಇದನ್ನು ಬರೆಯುತ್ತಿದ್ದೇನೆ. ಶನಿವಾರ, ಭಾನುವಾರ ಬೆಂಗಳೂರಿನ ಬೈಕುಗಳು ನಸುಕಿಗೇ ನಮ್ಮ ಕಡೆ ಬರುತ್ತವೆ. ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡುತ್ತಾರೆ. ಆಮೇಲೆ ಕೆಲವರು ಆವಲಗುರ್ಕಿಯ ಆದಿಯೋಗಿ ಕಡೆ ಹೊರಡುತ್ತಾರೆ, ಕೆಲವರು ಇಡ್ಲಿ ಹುಡುಕಿಕೊಂಡು. ಬರಲಿ, ಬೇಡ ಅನ್ನುವುದಕ್ಕೆ ರಸ್ತೆ ನಮ್ಮಪ್ಪನದಲ್ಲ.

ಒಂದು ಶನಿವಾರ ಹೀಗಾಯಿತು. ಗೂಡು ಬಿಡಿಸುವುದು ತಡವಾಗಿ, ನಾನು ಬೆಳಕು ಹರಿದ ಮೇಲೆ ಹೊರಟಿದ್ದೆ. ಹಿಂದೆ ಗುಡುಗಿನಂಥ ಸದ್ದು ಕೇಳಿತು. ಎಡಕ್ಕೆ ಸರಿದೆ. ಒಂದು ಬೈಕು ಬಲಗಡೆಯಿಂದ ಹೋಯಿತು. ಮುಗಿಯಿತಲ್ಲ ಅಂದುಕೊಂಡೆ. ಮುಂದೆ ಗುಂಡಿ ಇತ್ತು, ಸ್ವಲ್ಪ ಬಲಕ್ಕೆ ಬಂದೆ. ಅಷ್ಟರಲ್ಲಿ ಎರಡನೆಯವನು ನಾನು ಬಿಟ್ಟ ಎಡಗಡೆಯ ಜಾಗಕ್ಕೆ ನುಗ್ಗಿದ. ಅವನ ಹ್ಯಾಂಡಲ್ಲು ಎಡ ಚೀಲದ ಬಲೆಗೆ ಸಿಕ್ಕಿತು. ಅವನು ಬೀಳಲಿಲ್ಲ. ನಾನು ಮೋರಿ ಪಕ್ಕ ಮಣ್ಣಿನಲ್ಲಿ ಕೂತಿದ್ದೆ. ಚೀಲ ಮೋರಿಯಲ್ಲಿತ್ತು. ಉಳಿದ ಐದಾರು ಬೈಕುಗಳು ಒಂದರ ಹಿಂದೆ ಒಂದು ಹೋದವು. ಒಬ್ಬ ಮಾತ್ರ ಹೆಬ್ಬೆರಳು ಎತ್ತಿ ತೋರಿಸಿದ. ಅದರ ಅರ್ಥ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಗೂಡಿನೊಳಗೆ ಹುಳು ಜೀವಂತ ಇರುತ್ತದೆ, ಗೊತ್ತಲ್ವಾ? ಪೆಟ್ಟು ಬಿದ್ದರೆ ಒಳಗೇ ಒಡೆದು ಗೂಡಿಗೆ ಕಲೆ ಹತ್ತುತ್ತದೆ. ಕಲೆ ಗೂಡನ್ನು ನೂಲು ತೆಗೆಯುವ ರೀಲರ್ ಕೈಯಲ್ಲಿ ಹಿಡಿದು ನೋಡುವುದೂ ಇಲ್ಲ. ಇಪ್ಪತ್ತೈದು ದಿನ ಹಗಲೂ ರಾತ್ರಿ ಸೊಪ್ಪು ಹಾಕಿ, ನಾಲ್ಕು ಜ್ವರ, ಅಂದರೆ ಹುಳು ಪೊರೆ ಬಿಡುವ ಹೊತ್ತು, ದಾಟಿಸಿ ಬೆಳೆದದ್ದು ಎರಡು ಸೆಕೆಂಡಿನಲ್ಲಿ ಹೋಯಿತು.

ಆಮೇಲೆ ತುಂಬಾ ದಿನ ಈ ದಾಟುವ ವಿಷಯವನ್ನೇ ಯೋಚಿಸಿದೆ. ಅಕ್ಕನ ಮಗನಿಗೆ ಬುಲೆಟ್ ಇದೆ. ಒಂದು ದಿನ ಅವನ ಹಿಂದೆ ಕೂತು ಅದೇ ರಸ್ತೆಯಲ್ಲಿ ಹೋಗಿಬಂದೆ. ಅದರ ಮೇಲೆ ಕೂತಾಗ ಎಕ್ಸೆಲ್ ಬೇರೆ ಥರ ಕಾಣುತ್ತದೆ. ಅದು ಚಲಿಸುತ್ತಿದೆ ಅನ್ನುವುದೇ ತಡವಾಗಿ ಗೊತ್ತಾಗುತ್ತದೆ. "ನೋಡು ಮಾವ, ನೀವು ಎಲ್ಲರೂ ರಸ್ತೆ ಮಧ್ಯ ಹೋಗ್ತೀರ, ಹಿಂದಿನ ಲೈಟೂ ಇರಲ್ಲ" ಅಂದ. ಸುಳ್ಳಲ್ಲ. ಅದಕ್ಕೇ ಇಲ್ಲಿ ಎರಡೂ ಕಡೆಯದನ್ನು ಬರೆಯುತ್ತೇನೆ. ಆದರೆ ಮೊದಲು ದಾಟುವವರದು. ಬೇಗ ಹೋಗಬೇಕಾಗಿರುವುದು ಅವರಿಗೆ.

ಮೊದಲ ಕೆಲಸ, ಹಿಂದೆಯೇ ಇರುವುದು. ಅಂಟಿಕೊಂಡು ಅಲ್ಲ, ಬಿಟ್ಟುಕೊಂಡು. ಮುಂದಿನ ಗಾಡಿ ಒಂದು ಕರೆಂಟು ಕಂಬ ದಾಟಿದ ಮೇಲೆ "ಒಂದು ಸಾವಿರ, ಎರಡು ಸಾವಿರ" ಅಂತ ಎಣಿಸಿ. ಅಷ್ಟರೊಳಗೆ ನೀವು ಅದೇ ಕಂಬಕ್ಕೆ ಬಂದರೆ ಹತ್ತಿರ ಜಾಸ್ತಿ ಆಯಿತು. 60 ಕಿ.ಮೀ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೀರಿ. ಎರಡು ಸೆಕೆಂಡು ಅಂದರೆ 33 ಮೀಟರ್. ಅಷ್ಟು ದೂರ ಬಿಟ್ಟರೆ ನಿಮಗೇ ಲಾಭ, ನನ್ನ ಚೀಲದ ಆಚೆಗಿನ ರಸ್ತೆ ಕಾಣುತ್ತದೆ. ಚೀಲಕ್ಕೆ ಮೂತಿ ಇಟ್ಟುಕೊಂಡು ಬಂದರೆ ಚೀಲ ಬಿಟ್ಟು ಬೇರೇನೂ ಕಾಣುವುದಿಲ್ಲ.

ಇನ್ನು ಎಷ್ಟು ಜಾಗ ಖಾಲಿ ಇರಬೇಕು? ನಾನು 40ರಲ್ಲಿ ಹೋಗುತ್ತಿದ್ದೇನೆ, ನೀವು 60ರಲ್ಲಿ ದಾಟುತ್ತೀರಿ ಅಂತಿಟ್ಟುಕೊಳ್ಳಿ. ಹಿಂದಿನಿಂದ ಹೊರಬಂದು, ದಾಟಿ, ಮತ್ತೆ ಎಡಕ್ಕೆ ಸೇರಲು ನನಗಿಂತ ಮೂವತ್ತು ಮೀಟರ್ ಹೆಚ್ಚು ಹೋಗಬೇಕು. ಅದಕ್ಕೆ ಐದಾರು ಸೆಕೆಂಡು ಬೇಕು. ಅಷ್ಟರಲ್ಲಿ ನೀವು ಸುಮಾರು 90 ಮೀಟರ್ ಹೋಗಿರುತ್ತೀರಿ. ಎದುರಿನ ಬಸ್ಸೂ 60ರಲ್ಲಿದ್ದರೆ ಅದೂ 90 ಮೀಟರ್ ಬಂದಿರುತ್ತದೆ. ಒಟ್ಟು 180. ನಮ್ಮ ರಸ್ತೆ ಪಕ್ಕದ ಕಂಬಗಳ ನಡುವಿನ ಜಾಗವನ್ನು ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ, ಹೆಚ್ಚುಕಡಿಮೆ ಐವತ್ತು ದೊಡ್ಡ ಹೆಜ್ಜೆ. ಅಂದರೆ ನಾಲ್ಕು ಕಂಬದಾಚೆಗೂ ಎದುರು ಏನೂ ಇರಬಾರದು. ನಾಲ್ಕನೇ ಕಂಬ ಕಾಣದಿದ್ದರೆ ಸುಮ್ನೆ ಹಿಂದೆ ಬನ್ನಿ. ಮಂಜು ಬಿದ್ದ ಬೆಳಗ್ಗೆ ನಮ್ಮ ಕಡೆ ಎರಡನೇ ಕಂಬವೂ ಕಾಣುವುದಿಲ್ಲ.

ಹಾರನ್ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಹಾರನ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಮಾಡಿ, ಆದರೆ ದೂರದಿಂದ ಮಾಡಿ. ಒಂದು ಸಲ, ಚಿಕ್ಕದಾಗಿ. ಕಿವಿ ಪಕ್ಕಕ್ಕೆ ಬಂದು ಮಾಡಿದರೆ ಏನಾಗುತ್ತದೆ ಗೊತ್ತಾ? ಎಕ್ಸೆಲ್ ಓಡಿಸುವವರು ಅರ್ಧಕ್ಕರ್ಧ ಜನ ನನ್ನ ವಯಸ್ಸಿನವರು. ಕನ್ನಡಿ ಇದ್ದರೂ ಅದರಲ್ಲಿ ಚೀಲ ಕಾಣುತ್ತದೆ, ಇಲ್ಲವೇ ಹಾಲಿನ ಕ್ಯಾನು ಕಾಣುತ್ತದೆ. ಹಾಗಾಗಿ ಸದ್ದು ಕೇಳಿದ ಕಡೆ ಕತ್ತು ತಿರುಗುತ್ತದೆ. ಕತ್ತು ಬಲಕ್ಕೆ ತಿರುಗಿದರೆ ಭುಜ ತಿರುಗುತ್ತದೆ, ಭುಜದ ಜೊತೆ ಹ್ಯಾಂಡಲ್ಲೂ ಬಲಕ್ಕೇ ತಿರುಗುತ್ತದೆ. ಅಂದರೆ ನೀವು ಬರುತ್ತಿರುವ ಕಡೆಗೇ! "ಮುದುಕ ಅಡ್ಡ ಬಂದ" ಅಂತ ಬೈಯುತ್ತೀರಿ. ಕರೆದವರು ನೀವೇ.

ಕತ್ತಲಿದ್ದರೆ ಹಾರನ್ ಬದಲು ಲೈಟನ್ನು ಒಂದು ಸಲ ಡಿಮ್ ಡಿಪ್ ಮಾಡಿದರೆ ಸಾಕು. ಮಾಡಿದ ಮೇಲೆ ಡಿಪ್‌ಗೇ ಬನ್ನಿ. ಹೈ ಬೀಮ್ ಬಿಟ್ಟುಕೊಂಡು ಹಿಂದೆ ಬಂದರೆ ನನ್ನ ನೆರಳೇ ನನ್ನ ಮುಂದೆ ಬಿದ್ದು, ಗುಂಡಿ ಯಾವುದು, ನೆರಳು ಯಾವುದು ತಿಳಿಯುವುದಿಲ್ಲ.

ಹಾರನ್ ಆದ ಮೇಲೆ ಒಂದು ಕ್ಷಣ ಕಾಯಿರಿ. ಮುಂದಿನವನು ಏನು ಮಾಡುತ್ತಾನೆ ನೋಡಿ. ಎಡಕ್ಕೆ ಸರಿದನಾ? ತಲೆ ಆಡಿಸಿದನಾ? ಕೆಲವರು ಬಲಗೈಯನ್ನು ಹಿಂದಿನಿಂದ ಮುಂದಕ್ಕೆ ಬೀಸುತ್ತಾರೆ. ದಾಟು ಅಂತ ಅರ್ಥ, ಡ್ರೈವಿಂಗ್ ಪರೀಕ್ಷೆಗೆ ಓದುವ ಸನ್ನೆಯೇ ಅದು. ಬಲಗೈ ಚಾಚಿ ಹಾಗೇ ಹಿಡಿದರೆ ಅವನು ಬಲಕ್ಕೆ ತಿರುಗುತ್ತಾನೆ. ಎರಡಕ್ಕೂ ವ್ಯತ್ಯಾಸ ತಿಳಿದಿರಲಿ. ಕೈ ಬೀಸಿದ ಅಂತ ಕಣ್ಣು ಮುಚ್ಚಿ ಹೋಗಬೇಡಿ. ಅವನು ನೊಣ ಓಡಿಸುತ್ತಿರಬಹುದು. ನಂದಿ ಕಡೆ ದ್ರಾಕ್ಷಿ ಕಾಲದಲ್ಲಿ ನೊಣ ಜಾಸ್ತಿ.

ದಾಟುವುದು ಬಲಗಡೆಯಿಂದಲೇ. ಮುಂದಿನವನು ಬಲಕ್ಕೆ ತಿರುಗುತ್ತೇನೆ ಅಂತ ತೋರಿಸಿ ರಸ್ತೆ ಮಧ್ಯಕ್ಕೆ ಹೋಗಿದ್ದರೆ ಮಾತ್ರ ನಮ್ಮಂಥ ರಸ್ತೆಯಲ್ಲಿ ಎಡಗಡೆಯಿಂದ ಹೋಗಬಹುದು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಎಡಗಡೆ ನಮಗೆ ತಪ್ಪಿಸಿಕೊಳ್ಳುವ ಜಾಗ. ನಾಯಿ ಬಂದರೆ, ಬಸ್ಸು ಮೈಮೇಲೆ ಬಂದರೆ ನಾವು ಹಾರುವುದು ಎಡಕ್ಕೆ. ಹೊಲದ ದಾರಿಗೆ ಇಳಿಯುವುದೂ ಎಡಕ್ಕೆ, ಅದಕ್ಕೆ ಇಂಡಿಕೇಟರ್ ಹಾಕುವ ರೈತನನ್ನು ನಾನಿನ್ನೂ ನೋಡಿಲ್ಲ. ಅಲ್ಲಿ ನೀವು ಇದ್ದೀರಿ ಅಂತ ನಮಗೆ ಕನಸು ಬೀಳಬೇಕು.

ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು? ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಹೋದರೆ ಅದು ದಾಟುವುದಲ್ಲ, ಉಜ್ಜುವುದು. ಬರೀ ಮನುಷ್ಯ ಕೂತಿದ್ದರೆ ಒಂದು ಲೆಕ್ಕ, ಲೋಡಿದ್ದರೆ ಇನ್ನೊಂದು. ಹಾಲಿನ ಕ್ಯಾನಿನ ಗಾಡಿ ಭಾರ, ಗಾಳಿಗೆ ಅಲ್ಲಾಡುವುದಿಲ್ಲ, ಆದರೆ ಗುಂಡಿಗೆ ಬಿದ್ದರೆ ಒಂದೇ ಸಲ ವಾಲುತ್ತದೆ. ಸೊಪ್ಪಿನ ಹೊರೆ, ಗೂಡಿನ ಚೀಲ, ಸೇವಂತಿಗೆ ಹೂವಿನ ಮೂಟೆ ಹಗುರ, ದೊಡ್ಡದು, ಹಾಯಿಪಟದ ಹಾಗೆ. ನೀವು ಜೋರಾಗಿ ಪಕ್ಕದಲ್ಲಿ ಹೋದರೆ ನಿಮ್ಮ ಗಾಳಿ ಮೊದಲು ನನ್ನನ್ನು ಆಚೆ ತಳ್ಳುತ್ತದೆ, ನೀವು ಹೋದ ಮೇಲೆ ಈಚೆ ಎಳೆಯುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ, ಮಧ್ಯದಲ್ಲಿ ಇನ್ನೊಂದು ಎಕ್ಸೆಲ್ ಹೋಗುವಷ್ಟು ಜಾಗ ಬೇಕು. ಅಷ್ಟಿಲ್ಲದಿದ್ದರೆ ವೇಗ ಇಳಿಸಿ.

ದಾಟಿ ಆಯಿತು ಅಂತ ತಕ್ಷಣ ಎಡಕ್ಕೆ ಕಟ್ ಹೊಡೆಯಬೇಡಿ. ನಿಮ್ಮ ಕನ್ನಡಿಯಲ್ಲಿ ನನ್ನ ಹೆಡ್‌ಲೈಟು, ಚಕ್ರ ಪೂರ್ತಿ ಕಂಡ ಮೇಲೆ ಬನ್ನಿ. ಬಂದ ಮೇಲೆ ಬ್ರೇಕ್ ಹಿಡಿಯಬೇಡಿ. ಎಕ್ಸೆಲ್ ಬ್ರೇಕು ನಿಮ್ಮ ಡಿಸ್ಕ್ ಬ್ರೇಕಿನಂತಲ್ಲ, ಲೋಡಿದ್ದರೆ ಅದಕ್ಕೆ ಹೇಳಿ ಕೇಳಿ ನಿಲ್ಲಿಸಬೇಕು.

ಗುಂಪಿನಲ್ಲಿ ಹೋಗುವವರಿಗೆ: ಮುಂದಿನವನು ದಾಟಿದ ಅನ್ನುವುದು ನಿಮಗೆ ಲೈಸೆನ್ಸ್ ಅಲ್ಲ. ಅವನಿಗೆ ಕಂಡ ಖಾಲಿ ರಸ್ತೆ ನೀವು ಬರುವ ಹೊತ್ತಿಗೆ ಖಾಲಿ ಇರುವುದಿಲ್ಲ. ಪ್ರತಿಯೊಬ್ಬರೂ ತಾವೇ ನೋಡಿ, ಒಬ್ಬೊಬ್ಬರಾಗಿ ದಾಟಿ. ದಾಟಿಸಿಕೊಳ್ಳುವವನಿಗೆ ಹಿಂದೆ ಎಷ್ಟು ಜನ ಇದ್ದಾರೆ ಅಂತ ಗೊತ್ತಿರುವುದಿಲ್ಲ. ಅವತ್ತು ನಾನು ಮೊದಲನೆಯವನನ್ನೇ ಕೊನೆಯವನು ಅಂದುಕೊಂಡಿದ್ದೆ. ಕೊನೆಯ ಬೈಕಿನವನು ದಾಟುವಾಗ ಒಂದು ಚಿಕ್ಕ ಹಾರನ್ ಕೊಟ್ಟರೆ ಲೆಕ್ಕ ಮುಗಿಯಿತು ಅಂತ ನಮಗೆ ತಿಳಿಯುತ್ತದೆ.

ಬೆಟ್ಟದ ಮೇಲಿನ ರಸ್ತೆಗೆ ಬೇರೆ ನಿಯಮವಿದೆ. ಅಗಲ ಸಾಲದ ಕಡೆ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. 2017ರ ಚಾಲನಾ ನಿಯಮದಲ್ಲೇ ಇದೆ. ನಂದಿ ಬೆಟ್ಟ 1,478 ಮೀಟರ್. ಸ್ಕೂಟರಿನಲ್ಲಿ ಗಂಡ, ಹೆಂಡತಿ, ಮಧ್ಯೆ ಮಗು ಕೂತು ಏದುಸಿರು ಬಿಡುತ್ತಾ ಹತ್ತುತ್ತಿರುತ್ತಾರೆ. ಅವರು ನಿಂತರೆ ಮತ್ತೆ ಹೊರಡುವುದು ಕಷ್ಟ. ತಿರುವಿನಲ್ಲಿ ದಾಟಲೇಬೇಡಿ. ವಾಲಿಕೊಂಡು ತಿರುಗುವವರಿಗೆ ಇನ್ನೊಂದು ಮಾತು: ಬಲ ತಿರುವಿನಲ್ಲಿ ಚಕ್ರ ನಿಮ್ಮ ಕಡೆಯೇ ಇದ್ದರೂ ತಲೆ ಗೆರೆ ದಾಟಿ ಎದುರಿನವನ ಕಡೆ ಇರುತ್ತದೆ.

ಕಾನೂನಿನ ಮಾತು ಬೇಕಾದವರಿಗೆ: 2019ರ ತಿದ್ದುಪಡಿಯ ಮೇಲೆ, ನಿಯಮ ಮೀರಿ ಓವರ್‌ಟೇಕ್ ಮಾಡಿ ಅಪಾಯ ತಂದರೆ ಅದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಗೆ ಬರುತ್ತದೆ. ಮೊದಲ ಸಲಕ್ಕೆ ಕಾಯ್ದೆ ಹೇಳುವುದು 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ.

ಈಗ ನಮ್ಮವರಿಗೆ. ಚೀಲ ಹ್ಯಾಂಡಲ್ಲಿಗಿಂತ ಅಗಲ ಆಗದಂತೆ ಉದ್ದಕ್ಕೆ ಕಟ್ಟಿ. ನಾನು ಅಡ್ಡಡ್ಡ ಕಟ್ಟುವುದನ್ನು ಆ ಶನಿವಾರದಿಂದ ಬಿಟ್ಟೆ. ಹಿಂದಿನ ಲೈಟು ಚೀಲದ ಕೆಳಗೆ ಮುಚ್ಚಿಹೋದರೆ ಇದ್ದೂ ಇಲ್ಲದಂತೆ, ಚೀಲದ ಬೆನ್ನಿಗೇ ಕೆಂಪು ರಿಫ್ಲೆಕ್ಟರ್ ಪಟ್ಟಿ ಕಟ್ಟಿ. ಯಾರಾದರೂ ದಾಟುತ್ತಿದ್ದರೆ ಎಕ್ಸಿಲೇಟರ್ ಕೊಡಬೇಡಿ. ನಮ್ಮೂರಲ್ಲಿ ಒಬ್ಬರಿದ್ದಾರೆ, ಹಿಂದೆ ಬುಲೆಟ್ ಬಂದರೆ ಸಾಕು, ಎಕ್ಸೆಲ್ ಕಿವಿ ಹಿಂಡಿ ರೇಸಿಗೆ ಬೀಳುತ್ತಾರೆ. ಹಾಗೆ ವೇಗ ಹೆಚ್ಚಿಸುವುದೂ ನಿಯಮದ ಪ್ರಕಾರ ತಪ್ಪೇ. ಎಡಕ್ಕೆ ಇರಿ, ಆದರೆ ಡಾಂಬರಿನ ಅಂಚಿಗೇ ಅಂಟಬೇಡಿ. ಅಂಚು ಕಿತ್ತಿರುತ್ತದೆ.

ಇಷ್ಟಾದರೂ ತಗುಲಿದರೆ ನಿಲ್ಲಿಸಿ. ಮೊದಲು ಮನುಷ್ಯನನ್ನು ನೋಡಿ. ಆಮೇಲೆ ಚೀಲ. ಪರ್ಸ್ ತೆಗೆಯುವ ಮೊದಲು ಕೈ ಕೊಡಿ. ಬಿದ್ದ ಗೂಡಿನ ಹತ್ತಿರ ಬೂಟುಗಾಲಿನಲ್ಲಿ ನಡೆಯಬೇಡಿ, ಸುತ್ತಲ ಅಂಚಿನಿಂದ ಒಳಕ್ಕೆ ಆಯುತ್ತಾ ಬನ್ನಿ. ಹಿಡಿಹಿಡಿಯಾಗಿ ಬಾಚಬೇಡಿ, ಅಮುಕಿದರೆ ಒಳಗಿನ ಹುಳು ಒಡೆಯುತ್ತದೆ. ಚೀಲವನ್ನು ಬಾಯಿ ಹಿಡಿದು ಎಳೆಯದೆ ಅಡಿಯಿಂದ ಇಬ್ಬರು ಎತ್ತಿ. ಒದ್ದೆಯಾದ ಗೂಡನ್ನು ಬೇರೆ ಬಟ್ಟೆಯಲ್ಲಿ ಕಟ್ಟಿಕೊಡಿ, ನಿಮ್ಮ ರೈನ್‌ಕೋಟ್ ಆದರೂ ಆದೀತು. ಒದ್ದೆಯದು ಒಣಗಿದ್ದರಲ್ಲಿ ಬೆರೆತರೆ ಇಡೀ ಲಾಟಿಗೆ ರೇಟು ಬೀಳುತ್ತದೆ.