ಕರಗಬೇಕು, ಆದರೆ ಪೂರ್ತಿ ಕರಗಬಾರದು

ಬಿಳಿ ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡಿಗೆ ಇನ್ನೊಂದು ಗುಣವಿದೆ. ನೇರಳಾತೀತ ಬೆಳಕು ಬಿದ್ದರೆ ಮೈಮೇಲೆ ಕೂತ ಸಾವಯವ ಕೊಳೆಯನ್ನು ಅದು ತಾನೇ ಒಡೆದುಹಾಕುತ್ತದೆ. ಇದೇ ಫೋಟೊಕೆಟಲಿಸಿಸ್. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಈ ವಸ್ತುವಿನ ಮೇಲೆ ಬೆಳಕು ಹಾಯಿಸಿ ನೀರನ್ನು ವಿಭಜಿಸಿದ್ದಾಗಿ ವರದಿ ಮಾಡಿದ ಮೇಲೆ ಇದರತ್ತ ಎಲ್ಲರ ಕಣ್ಣು ಬಿತ್ತು.

ಲೋಹದ ಮೇಲೆ ಇದರ ಗಟ್ಟಿ ಪದರ ಬೇಕಾದರೆ ಥರ್ಮಲ್ ಸ್ಪ್ರೇ, ಅಂದರೆ ಪುಡಿಯನ್ನು ಬಿಸಿ ಜ್ವಾಲೆಯಲ್ಲಿ ಕರಗಿಸಿ ರಭಸದಿಂದ ಸಿಂಪಡಿಸುವುದು, ಬೇಗನೆ ಆಗುವ ಕೆಲಸ. ತೊಡಕು ಇರುವುದು ಹರಳಿನಲ್ಲಿ. ಈ ವಸ್ತುವಿನ ಹರಳಿಗೆ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಕೊಳೆ ಒಡೆಯುವುದರಲ್ಲಿ ಸಾಮಾನ್ಯವಾಗಿ ಹೆಚ್ಚು ಚುರುಕಾದದ್ದು ಅನಟೇಸ್ ಎಂಬ ರೂಪ. ಆದರೆ ಸುಮಾರು 1,850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮತ್ತೆ ಗಟ್ಟಿಯಾದರೆ ಬಹುಪಾಲು ರುಟೈಲ್ ಎಂಬ ಇನ್ನೊಂದು ರೂಪವಾಗಿಬಿಡುತ್ತದೆ. ಕರಗದಿದ್ದರೆ ಪದರ ಅಂಟುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಹಾಗಾಗಿ ಮೊದಲ ಹೆಜ್ಜೆಯಲ್ಲೇ ಅರ್ಧ ಗೆಲುವು: ಅನಟೇಸಿನ ನ್ಯಾನೊ ಪುಡಿಯನ್ನು ದ್ರವದಲ್ಲಿ ಕಲಸಿ ಸಿಂಪಡಿಸಿ. ಒಣ ನ್ಯಾನೊ ಪುಡಿ ಮುದ್ದೆಕಟ್ಟಿ ಕೊಳವೆಯಲ್ಲೇ ನಿಂತುಬಿಡುತ್ತದೆ. ಕಲಸುವ ದ್ರವ ಎಥನಾಲ್ (ಒಂದು ಬಗೆಯ ಆಲ್ಕೋಹಾಲ್) ಆದರೆ ಅದು ಉರಿದು ಜ್ವಾಲೆಗೆ ಇನ್ನಷ್ಟು ಶಾಖ ಕೂಡಿಸುತ್ತದೆ. ನೀರು ಆವಿಯಾಗಲು ಶಾಖವನ್ನು ತಾನೇ ಹೀರುತ್ತದೆ, ಕಣಗಳು ಅಷ್ಟರಮಟ್ಟಿಗೆ ಬಚಾವು. ಅನಟೇಸ್ ಉಳಿಯಬೇಕೆಂದರೆ ನನ್ನ ಮತ ನೀರಿಗೇ. ಕಲಸಿದ್ದನ್ನು ಗಾಜಿನ ಲೋಟಕ್ಕೆ ಸುರಿದು ಒಂದು ಗಂಟೆ ಅಲುಗಿಸದೆ ಇಡಿ. ಮೇಲೆ ತಿಳಿನೀರು, ಕೆಳಗೆ ಬಿಳಿ ಗಸಿ ಕಂಡರೆ ಅದು ನಳಿಕೆಗೆ ಹೋಗಲು ಲಾಯಕ್ಕಲ್ಲ. ಕಣಗಳು ಮುದ್ದೆಕಟ್ಟದಂತೆ ಬೆರೆಸುವ ಡಿಸ್ಪರ್ಸೆಂಟ್ ಸರಿಮಾಡಿ ಮತ್ತೆ ಕಲಸಿ.

ಲೋಹದ ತಟ್ಟೆಯನ್ನು ಅಲ್ಯುಮಿನಾ ಹರಳಿನಿಂದ ಬ್ಲಾಸ್ಟ್ ಮಾಡಿ ಒರಟಾಗಿಸಿ, ಅಸಿಟೋನಿನಲ್ಲಿ ತೊಳೆಯಿರಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಸಾಕು ಪದರ ಏಳಲು.

ಇನ್ನು ಸ್ಪ್ರೇ. ಇಲ್ಲಿ ಜ್ವಾಲೆಯೆಂದರೆ ಟಾರ್ಚಿನಿಂದ ಹೊಮ್ಮುವ ಅತಿ ಬಿಸಿ ಅನಿಲ, ಅಂದರೆ ಪ್ಲಾಸ್ಮಾ. ಅದರ ನಡುಭಾಗ 10,000 ಡಿಗ್ರಿ ದಾಟುತ್ತದೆ. ಕಿವಿಗೆ, ಕಣ್ಣಿಗೆ ರಕ್ಷಣೆ, ಧೂಳು ಎಳೆಯುವ ಬೂತ್ ಇಲ್ಲದೆ ಟಾರ್ಚ್ ಹೊತ್ತಿಸಲೇಬಾರದು. ಟಾರ್ಚಿಗೆ ಹಾಯಿಸುವ ಅನಿಲದಲ್ಲಿ ಆರ್ಗಾನ್ ಜೊತೆ ಹೈಡ್ರೋಜನ್ ಹೆಚ್ಚಿದಷ್ಟೂ ಕರಗುವುದು ಹೆಚ್ಚು, ಆದ್ದರಿಂದ ಕಡಿಮೆ ಶಕ್ತಿಯಿಂದ ಶುರುಮಾಡಿ. ಸಾಮಾನ್ಯ ಪುಡಿಗೆ ಟಾರ್ಚಿಗೂ ತಟ್ಟೆಗೂ ನಡುವೆ ಸುಮಾರು 100 ಮಿಲಿಮೀಟರ್ ದೂರ ಬಿಟ್ಟರೆ, ದ್ರವದಲ್ಲಿನ ಸಣ್ಣ ಕಣಗಳಿಗೆ ಅದರ ಅರ್ಧ ಸಾಕು. ಅವು ಬೇಗ ತಣ್ಣಗಾಗಿ ವೇಗ ಕಳೆದುಕೊಳ್ಳುತ್ತವೆ. ಒಂದೇ ಕಡೆ ನಿಲ್ಲದೆ ಟಾರ್ಚ್ ಆಡಿಸುತ್ತ, ಹಿಂದಿನಿಂದ ಗಾಳಿ ಊದಿ ತಟ್ಟೆಯನ್ನು ತಣ್ಣಗಿಡಿ.

ಪದರ ಬೆಳ್ಳಗಾಗುವ ಬದಲು ಕಪ್ಪುನೀಲಿಯಾಗಿ ಬಂದರೆ ಗಾಬರಿ ಬೇಡ. ಅದು ಮಸಿಯಲ್ಲ, ಆಕ್ಸೈಡ್ ಒಂದಿಷ್ಟು ಆಮ್ಲಜನಕ ಕಳೆದುಕೊಂಡಿದೆ. ಗಾಳಿಯಾಡುವ ಕುಲುಮೆಯಲ್ಲಿ 450 ಡಿಗ್ರಿಯ ಆಸುಪಾಸು ಕೆಲವು ಗಂಟೆ ಇಟ್ಟರೆ ಬಣ್ಣ ತಿಳಿಯಾಗುತ್ತದೆ. ಶಾಖ ಇನ್ನೂ ಏರಿಸುವ ಆಸೆ ಬೇಡ, ಉಳಿಸಿಕೊಂಡ ಅನಟೇಸ್ ಕೈಬಿಟ್ಟೀತು.

ಕೊನೆಗೆ ಪರೀಕ್ಷೆ. ಎಕ್ಸ್-ರೇ ಹಾಯಿಸಿ, ಅದು ಚದುರುವ ಕೋನದಿಂದ ಹರಳನ್ನು ಗುರುತಿಸುವ ಎಕ್ಸ್-ರೇ ಡಿಫ್ರ್ಯಾಕ್ಷನ್ನಿನಲ್ಲಿ, ತಾಮ್ರದಿಂದ ಹೊಮ್ಮಿಸಿದ ಕಿರಣ ಬಳಸಿದರೆ, 25.3 ಡಿಗ್ರಿಯ ಶಿಖರ ಅನಟೇಸಿನದು, 27.4ರದು ರುಟೈಲಿನದು. ಚುರುಕು ನೋಡಲು ತಟ್ಟೆಯನ್ನು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ತೆಳು ದ್ರಾವಣದಲ್ಲಿ ಮುಳುಗಿಸಿ, ಮೊದಲು ಕತ್ತಲಲ್ಲಿಡಿ. ಪದರ ಹೀರುವಷ್ಟು ಬಣ್ಣ ಹೀರಿಕೊಳ್ಳಲಿ. ಆಮೇಲೆ ನೇರಳಾತೀತ ದೀಪ ಹಚ್ಚಿ, ನೀಲಿ ಎಷ್ಟು ಮಾಸಿತೆಂದು ತಿಳಿಯಲು ದ್ರಾವಣ 664 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯಿರಿ. ಪಕ್ಕದಲ್ಲೇ ಲೇಪನವಿಲ್ಲದ ಇನ್ನೊಂದು ತಟ್ಟೆಯೂ ಅದೇ ದ್ರಾವಣ ತುಂಬಿದ ಬೇರೆ ಪಾತ್ರೆಯಲ್ಲಿರಲಿ, ಏಕೆಂದರೆ ಆ ಬಣ್ಣ ಬರೀ ಬೆಳಕಿಗೂ ಸ್ವಲ್ಪ ಮಾಸುತ್ತದೆ.