ಎಡಗಿವಿಗೊಂದು ಕ್ಲಿಪ್, ಕಣ್ಣಿಗೆ ನಿದ್ದೆ

ಕಿವಿಗೆ ಕಡ್ಡಿ ಹಾಕಿದರೆ ಕೆಲವರಿಗೆ ಕೆಮ್ಮು ಬರುತ್ತದೆ. ಕಿವಿಗೂ ಗಂಟಲಿಗೂ ಎತ್ತಣಿಂದೆತ್ತ ಸಂಬಂಧ? ಎರಡಕ್ಕೂ ಕವಲೊಡೆಯುವುದು ವೇಗಸ್ ಎಂಬ ಅಲೆಮಾರಿ ನರ. ಮಿದುಳಿನ ಬುಡದಲ್ಲಿ ಹೊರಟು ಹೃದಯ, ಶ್ವಾಸಕೋಶ, ಕರುಳನ್ನೆಲ್ಲ ಸುತ್ತುವ ಈ ನರ ಚರ್ಮಕ್ಕೆ ಸಿಗುವುದು ಕಿವಿಯಲ್ಲಿ. ಅಲ್ಲಿಗೆ ಕ್ಲಿಪ್ ಸಿಕ್ಕಿಸಿ, ಯಂತ್ರದಿಂದ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನಿದ್ರಾಹೀನತೆಗೆ ಚಿಕಿತ್ಸೆ ಮಾಡುವ ಪ್ರಯೋಗಗಳು ನಡೆದಿವೆ. ಸೂಜಿಯಿಲ್ಲ, ಕೊಯ್ತವಿಲ್ಲ.

ಯಂತ್ರಕ್ಕಿಂತ ಮೊದಲು ವೈದ್ಯರು. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಹತ್ತದಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಗೊರಕೆಯ ನಡುವೆ ಉಸಿರುಗಟ್ಟಿ ಏಳುವವರ ತೊಂದರೆಯೇ ಬೇರೆ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಹೃದಯ ಬಡಿತದ ಸಮಸ್ಯೆಯವರು ತಾವಾಗಿಯೇ ಇದಕ್ಕೆ ಕೈಹಾಕಬಾರದು.

ಇನ್ನು ಜಾಗ. ಎಡವಟ್ಟಾಗುವುದೇ ಇಲ್ಲಿ. ಕನ್ನಡಿ ಹಿಡಿದು ನೋಡಿ: ಕಿವಿಯ ತೂತಿನ ಮೇಲುಗಡೆ ಒಂದು ಅಡ್ಡ ಏಣು, ಅದರ ಮೇಲೆ ಬೆರಳತುದಿ ಕೂರುವಷ್ಟು ಗುಂಡಿ ಇದೆಯಲ್ಲ, ಅದೇ. ಓಲೆ ಹಾಕುವ ಹಾಲೆಯಲ್ಲ. ಹಾಲೆಯಲ್ಲಿ ಈ ನರ ಇಲ್ಲವೆಂದೇ ಸಂಶೋಧಕರು ಎಷ್ಟೋ ಸಲ ಸೋಗಿನ ಚಿಕಿತ್ಸೆಗೆ, ಅಂದರೆ ಹೋಲಿಕೆಗಾಗಿ ಕೊಡುವ ತೋರಿಕೆಯ ಚಿಕಿತ್ಸೆಗೆ, ಅದನ್ನು ಬಳಸುತ್ತಾರೆ. (ಎರಡೂ ಹಾಲೆಗೆ ಕ್ಲಿಪ್ ಸಿಕ್ಕಿಸಿ ತಲೆಯ ಮೂಲಕ ವಿದ್ಯುತ್ ಹಾಯಿಸುವ ಯಂತ್ರಗಳೂ ಇವೆ. ಅವುಗಳ ದಾರಿ ಬೇರೆ, ಗೊಂದಲ ಬೇಡ.) ಬಲ ವೇಗಸ್ ಹೃದಯದ ಬಡಿತವನ್ನು ನಡೆಸುವ ಗಂಟಿಗೆ ಹೆಚ್ಚು ಹತ್ತಿರದ್ದಾದ್ದರಿಂದ ಎಡಗಿವಿಯನ್ನು ಆರಿಸುವುದು ರೂಢಿ.

ಚರ್ಮ ಒರೆಸಿ, ಕ್ಲಿಪ್‌ನ ಎಲೆಕ್ಟ್ರೋಡ್ (ವಿದ್ಯುತ್ ತಾಗಿಸುವ ತುದಿ) ಒದ್ದೆ ಮಾಡಿ, ವಿದ್ಯುತ್ತನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಜುಮುಜುಮು ಎನ್ನಬೇಕು, ಚುಚ್ಚಬಾರದು. ಚುಚ್ಚಿದರೆ ಇಳಿಸಿ, ತಲೆ ಸುತ್ತಿದರೆ ನಿಲ್ಲಿಸಿ.

ಎಷ್ಟು ಹೊತ್ತು? ಚೀನಾದಲ್ಲಿ 72 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆರಡು ಬಾರಿ 30 ನಿಮಿಷ, ವಾರಕ್ಕೆ 5 ದಿನ, 8 ವಾರ ಕೊಟ್ಟರು. ನಿದ್ದೆಯ ಕೊರತೆ ಅಳೆಯುವ 21 ಅಂಕಗಳ ಪಟ್ಟಿಯಲ್ಲಿ ನಿಜವಾದ ಚಿಕಿತ್ಸೆ ಪಡೆದವರ ಅಂಕ ಸರಾಸರಿ 8.2 ಇಳಿಯಿತು, ಸೋಗಿನದು ಪಡೆದವರದು 3.9. ಅಂದರೆ ಸುಮ್ಮನೆ ಕ್ಲಿಪ್ ಹಾಕಿಕೊಂಡರೂ ಅಷ್ಟಿಷ್ಟು ನಿದ್ದೆ ಬಂತು! ಜಾಹೀರಾತುಗಳು ಮೊದಲ ಅಂಕಿಯನ್ನಷ್ಟೇ ಹೇಳಿದರೆ ಎರಡನೆಯದನ್ನು ನೀವು ಕೇಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೇ ಕವಲಿನ ಮಾತು ಬಂದಿತ್ತು. ಓಂಕಾರ ಹೇಳುವವರ ಮಿದುಳನ್ನು ಎಂಆರ್‌ಐನಲ್ಲಿ ನೋಡಿದ, 2011ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಭಾವನೆಗಳ ಕೇಂದ್ರಗಳು ತಣ್ಣಗಾದದ್ದು ಕಂಡಿತು. ಕಿವಿಯ ಸುತ್ತ ಏಳುವ ಕಂಪನ ವೇಗಸನ್ನು ತಟ್ಟುತ್ತಿರಬಹುದೆಂದು ಅವರ ಊಹೆ. ಅದು ನಿದ್ದೆಯ ಅಧ್ಯಯನವಲ್ಲ, ನಿಜ, ಆದರೆ ಓಂಕಾರಕ್ಕೆ ಖರ್ಚಂತೂ ಇಲ್ಲ.

ನಿದ್ದೆ ಮಾತ್ರೆ ನುಂಗುತ್ತಿರುವವರು ಕ್ಲಿಪ್ ಬಂತೆಂದು ಅದನ್ನು ಥಟ್ಟನೆ ಬಿಡಬೇಡಿ. ನಿದ್ರಾಹೀನತೆಗೆ ಇವತ್ತಿಗೂ ಮೊದಲು ಸೂಚಿಸುವುದು ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆಯನ್ನು. ಕ್ಲಿಪ್ ಅದರ ಪಕ್ಕದಲ್ಲಿರಲಿ. ಹಾಸಿಗೆಯ ಬಳಿ ಒಂದು ನೋಟ್‌ಬುಕ್ ಇಡಿ. ಮಲಗಿದ್ದೆಷ್ಟಕ್ಕೆ, ಎದ್ದದ್ದೆಷ್ಟಕ್ಕೆ ಎಂದು ಬೆಳಿಗ್ಗೆ ಬರೆಯಿರಿ, ರಾತ್ರಿ ಗಡಿಯಾರ ನೋಡುತ್ತ ಅಲ್ಲ.