ಮುಂಬಯಿಯಲ್ಲಿ ಲೈಂಗಿಕ ಸೋಂಕಿನ ಪರೀಕ್ಷೆ: ಎಲ್ಲಿ, ಯಾವಾಗ, ಹೇಗೆ

ಗುಪ್ತರೋಗಕ್ಕೆ ಗ್ಯಾರಂಟಿ ಔಷಧಿ ಎಂದು ಸಾರುವ ಚೀಟಿಗಳು ಮುಂಬಯಿಯ ಲೋಕಲ್ ರೈಲಿನ ಡಬ್ಬಿಗಳಲ್ಲಿ ಅಂಟಿಕೊಂಡಿರುವುದನ್ನು ನೋಡದವರಿಲ್ಲ. ಹೋಟೆಲಿನ ಮೇಲಿನ ಕೋಣೆಯಲ್ಲಿ ಊರಿನವರ ಜೊತೆಗೇ ಮಲಗಿ ಏಳುವ ನಮ್ಮ ಹುಡುಗರು, ಪರಿಚಯದ ಡಾಕ್ಟರ ಬಳಿ ಹೋದರೆ ಸುದ್ದಿ ಕುಂದಾಪುರದವರೆಗೂ ಮುಟ್ಟೀತೆಂಬ ಅಂಜಿಕೆಯಿಂದ, ಆ ಚೀಟಿಯಲ್ಲಿರುವ ನಂಬರಿಗೇ ಫೋನ್ ಮಾಡುತ್ತಾರೆ. ಗುಟ್ಟು ಉಳಿಯಬೇಕೆಂದರೆ ದೊಡ್ಡ ಸರ್ಕಾರಿ ಆಸ್ಪತ್ರೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಜನಜಂಗುಳಿಯಲ್ಲಿ ಯಾರೂ ಯಾರನ್ನೂ ಗಮನಿಸುವುದಿಲ್ಲ.

ಪರೇಲಿನ ಕೆಇಎಂ, ಸಾಯನ್, ನಾಯರ್, ಜೆಜೆ ಆಸ್ಪತ್ರೆಗಳಿಗೆ ಬೆಳಿಗ್ಗೆ ಹೋಗಿ ಕೇಸ್ ಪೇಪರ್ (ನೋಂದಣಿ ಚೀಟಿ) ಮಾಡಿಸಿ, ಚರ್ಮ ಮತ್ತು ಗುಪ್ತರೋಗ ವಿಭಾಗವನ್ನು ಕೇಳಬೇಕು. ಮರಾಠಿ ಫಲಕದಲ್ಲಿ ಅದು ‘ತ್ವಚಾ ವ ಗುಪ್ತರೋಗ’ ಎಂದಿರುತ್ತದೆ. ಕಿಟಕಿಯಲ್ಲಿ ಕಾರಣ ಕೇಳಿದರೆ ಚರ್ಮದ ತೊಂದರೆ ಎಂದರೆ ಸಾಕು, ಉಳಿದದ್ದನ್ನು ಡಾಕ್ಟರಿಗೇ ಹೇಳಿ. ‘ಸುರಕ್ಷಾ ಕ್ಲಿನಿಕ್’ ಎಂಬ ಸರ್ಕಾರಿ ಕೇಂದ್ರಗಳಲ್ಲಿ ಈ ಸೋಂಕುಗಳಿಗೆ ಸಲಹೆಯೂ ಔಷಧಿಯೂ ಉಚಿತವಾಗಿ ಸಿಗುತ್ತವೆ. ಐಸಿಟಿಸಿ ಎಂದು ಕರೆಯಲಾಗುವ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತಾರೆ. ಹತ್ತಿರದ ಕೇಂದ್ರ ಯಾವುದೆಂದು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ತಿಳಿಯಬಹುದು. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದನ್ನೂ, ಕೆಲಸ ಕೊಡಲು ಅದನ್ನು ಷರತ್ತಾಗಿಸುವುದನ್ನೂ 2017ರ ಕಾಯ್ದೆ ತಡೆಯುತ್ತದೆ.

ಹೆಚ್ಚಿನವರು ಎಡವುವುದು ದಿನದ ಲೆಕ್ಕದಲ್ಲಿ. ಅಸುರಕ್ಷಿತ ಸಂಪರ್ಕವಾದ ಮರುದಿನವೇ ರಕ್ತ ಕೊಟ್ಟು, ‘ನೆಗೆಟಿವ್’ ಎಂದು ಬಂದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನಿಶ್ಚಿಂತರಾಗುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಸೋಂಕು ಪರೀಕ್ಷೆಗೆ ಸಿಕ್ಕುವಷ್ಟು ಬೆಳೆಯಲು ಸಮಯ ಬೇಕು. ಗೊನೋರಿಯಾ ಮತ್ತು ಕ್ಲಮೀಡಿಯಾ ಎಂಬ ಬ್ಯಾಕ್ಟೀರಿಯಾ ಸೋಂಕುಗಳಿಗೆ ಸುಮಾರು ಎರಡು ವಾರ ಕಾಯಬೇಕು. ಎಚ್‌ಐವಿಗೆ, ಪ್ರತಿಜನಕ (ವೈರಾಣುವಿನ ಅಂಶ) ಮತ್ತು ಪ್ರತಿಕಾಯ (ಅದರ ವಿರುದ್ಧ ದೇಹ ತಯಾರಿಸುವ ವಸ್ತು) ಎರಡನ್ನೂ ನೋಡುವ ಪ್ರಯೋಗಾಲಯ ಪರೀಕ್ಷೆಯಾದರೆ 45 ದಿನ, ಬೆರಳು ಚುಚ್ಚಿ ಮಾಡುವ ಸಾಮಾನ್ಯ ಪರೀಕ್ಷೆಯಾದರೆ 90 ದಿನ ಕಳೆದ ಮೇಲೆ ಬರುವ ಫಲಿತಾಂಶವನ್ನೇ ಖಚಿತವೆಂದು ತಿಳಿಯಬೇಕು. ಸಿಫಿಲಿಸ್‌ಗೂ 90 ದಿನದ ನಂತರ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು. ಆದರೆ ಹುಣ್ಣು, ಸ್ರಾವ, ಉರಿಮೂತ್ರ ಕಾಣಿಸಿಕೊಂಡಿದ್ದರೆ ದಿನ ಎಣಿಸದೆ ಅಂದೇ ಹೋಗಬೇಕು. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಚೀಟಿ ಅಂಟಿಸುವವರ ‘ಗುಣವಾಯಿತು’ ಎಂಬ ಮಾತಿಗೆ ಬೆಲೆ ಬರುವುದು ಹೀಗೆಯೇ.

ಎಚ್‌ಐವಿ ತಗುಲಿರಬಹುದೆಂಬ ಗುಮಾನಿ ಇದ್ದರೆ, ಸಂಪರ್ಕವಾದ 72 ಗಂಟೆಗಳೊಳಗೆ ಆಸ್ಪತ್ರೆಗೆ ಹೋದಲ್ಲಿ, 28 ದಿನ ತೆಗೆದುಕೊಳ್ಳುವ ತಡೆ ಔಷಧಿಯನ್ನು ಡಾಕ್ಟರು ಆರಂಭಿಸಬಹುದು. ಬೆಳಗಾಗಲೆಂದು ಕಾಯದೆ ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ. ಬೇಗ ಶುರುವಾದಷ್ಟೂ ಅದರ ಪರಿಣಾಮ ಹೆಚ್ಚು.

ಗೊನೋರಿಯಾ, ಕ್ಲಮೀಡಿಯಾಕ್ಕೆ ಖಾಸಗಿ ಲ್ಯಾಬಿನಲ್ಲಿ ಗಂಡಸರಿಂದ ಮೂತ್ರ ಕೇಳುತ್ತಾರೆ. ಅದಕ್ಕೆ ಮುಂಚೆ ಕನಿಷ್ಠ ಒಂದು ಗಂಟೆ ಮೂತ್ರ ಮಾಡಿರಬಾರದು, ಮೊದಲು ಬರುವ ಧಾರೆಯನ್ನೇ ಡಬ್ಬಿಗೆ ಹಿಡಿಯಬೇಕು. ಮಾಮೂಲಿ ಮೂತ್ರ ಪರೀಕ್ಷೆಯ ರೂಢಿಯಲ್ಲಿ ನಡುವಿನ ಧಾರೆ ಹಿಡಿದರೆ ಸೋಂಕು ತಪ್ಪಿಹೋಗಬಹುದು. ಹೆಂಗಸರಲ್ಲಿ ಕ್ಲಮೀಡಿಯಾ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲವಾದ್ದರಿಂದ ಗಂಡನಿಗೆ ಸೋಂಕು ಕಂಡುಬಂದರೆ ಹೆಂಡತಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು. ಒಬ್ಬರೇ ಔಷಧಿ ತೆಗೆದುಕೊಂಡರೆ ಮತ್ತೆ ಅಂಟಿಕೊಳ್ಳುತ್ತದೆ. ಚಿಕಿತ್ಸೆ ಮುಗಿದು ಏಳು ದಿನವಾಗುವವರೆಗೆ ಸಂಪರ್ಕ ಬೇಡ.

ತಡೆಗೆ ಕಾಂಡೋಮ್‌ನಷ್ಟು ಸುಲಭದ ಸಾಧನ ಬೇರೊಂದಿಲ್ಲ. ಪೊಟ್ಟಣದ ಮೇಲಿನ ಅವಧಿ ನೋಡಿಕೊಳ್ಳಿ, ಬೆವರಿದ ಪ್ಯಾಂಟಿನ ಹಿಂಜೇಬಿನ ಪಾಕೀಟಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ನಮ್ಮವರ ಕೈಗೆ ಮೊದಲು ಸಿಗುವ ಕೊಬ್ಬರಿ ಎಣ್ಣೆ ಲೇಟೆಕ್ಸನ್ನು ಸಡಿಲಗೊಳಿಸಿ ಹರಿಯುವಂತೆ ಮಾಡುತ್ತದೆ. ನೀರು ಮೂಲದ ಜೆಲ್ ಬಳಸಿ.

ಎರಡು ಲಸಿಕೆಗಳೂ ಇವೆ. ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ಎಂಬ ವೈರಾಣುವಿನ ವಿರುದ್ಧದ ಲಸಿಕೆಯನ್ನು ಚಿಕ್ಕ ವಯಸ್ಸಿನಲ್ಲೇ ಹಾಕಿಸಿದರೆ ಹೆಚ್ಚು ಫಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್ 9ರಿಂದ 26 ವರ್ಷದವರಿಗೆ ಸಿಗುತ್ತದೆ. ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ ಸೋಂಕಿಗೆ ದೊಡ್ಡವರಿಗೆ ಮೂರು ಚುಚ್ಚುಮದ್ದು: ಮೊದಲನೆಯದು, ಒಂದು ತಿಂಗಳಿಗೆ ಇನ್ನೊಂದು, ಆರನೆಯ ತಿಂಗಳಿಗೆ ಕೊನೆಯದು. ನಡುವೆ ಊರಿಗೆ ಹೋಗಿ ಒಂದು ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಮರಳಿದ ಕೂಡಲೇ ಮುಂದಿನದನ್ನು ಹಾಕಿಸಿಕೊಂಡರಾಯಿತು.